ರೊಟ್ಟಿ ಬದಲಾಗಿಲ್ಲ, ದುಡಿಮೆ ಬದಲಾಗಿದೆ



ನನ್ನಿಂದ ಹತ್ತನೆಯ ತರಗತಿಯ ಜೀವಶಾಸ್ತ್ರ ಕೇಳಿದ ಮಕ್ಕಳಲ್ಲಿ ಬಹುಪಾಲು ಜನ ಈಗ ನಲವತ್ತು ದಾಟಿದ ಗೃಹಸ್ಥರು, ಗೃಹಿಣಿಯರು. ಅಂದು "ಟೀಚರ್ರೀ, ಇದು ಪರೀಕ್ಷೆಗೆ ಬರ್ತದೇನ್ರಿ?" ಎಂದು ಕೇಳುತ್ತಿದ್ದವರು ಇಂದು ಫೋನ್ ಮಾಡಿ ಕೇಳುವ ಪ್ರಶ್ನೆ ಬೇರೆ: "ಟೀಚರ್ರೀ, ತೂಕ ಇಳಿಸಬೇಕಾಗೇತ್ರಿ. ಏನ್ ತಿನ್ನಬೇಕು? ಲಗೂನ ಆಗೂವಂಥದ್ದು ಹೇಳ್ರಿ." ಈ ಪ್ರಶ್ನೆ ರೋಣದಿಂದಲೂ ಬರುತ್ತದೆ, ನರಗುಂದದಿಂದಲೂ ಬರುತ್ತದೆ, ಗಜೇಂದ್ರಗಡದಿಂದಲೂ ಬರುತ್ತದೆ. ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಮಕ್ಕಳಂತೂ ಸರಿಯೇ ಸರಿ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆಯುವುದು ಲೇಸೆಂದು ತೋರಿತು. ಇದು ವೈದ್ಯರ ಚೀಟಿಯಲ್ಲ. ಮೂರು ದಶಕ ವಿಜ್ಞಾನ ಕಲಿಸಿ, ಅದಕ್ಕಿಂತ ಹೆಚ್ಚು ಕಾಲ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ಒಬ್ಬ ಹೆಂಗಸಿನ ಅಭಿಪ್ರಾಯ.

ತೂಕ ಇಳಿಸುವವರಿಗೆ ಇಂದು ಎರಡು ಬಗೆಯ ಉಪದೇಶ ದೊರೆಯುತ್ತದೆ. ಮೊದಲನೆಯದು ಪೇಟೆಯ ಉಪದೇಶ: ಓಟ್ಸ್ ತಿನ್ನಿರಿ, ಕಿನೋವಾ ತರಿಸಿರಿ, ಡಬ್ಬಿಯ ಪುಡಿಯನ್ನು ಹಾಲಿನಲ್ಲಿ ಕಲಕಿ ಕುಡಿಯಿರಿ. ಎರಡನೆಯದು ಹಿರಿಯರ ಉಪದೇಶ: "ನಮ್ಮ ಅಜ್ಜಿ ಜೋಳದ ರೊಟ್ಟಿ ತಿಂದು ತೊಂಬತ್ತು ವರ್ಷ ಬದುಕಿದಳು, ರೊಟ್ಟಿ ತಿಂದರೆ ಬೊಜ್ಜು ಬರೋದಿಲ್ಲ." ಮೊದಲನೆಯದು ಹಣದ ಚೀಲಕ್ಕೆ ಭಾರ. ಎರಡನೆಯದು ಕೇಳಲು ಹಿತವಾಗಿದ್ದರೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಈ ಎರಡರ ನಡುವೆ ಒಂದು ದಾರಿಯಿದೆ ಎಂಬುದು ನನ್ನ ನಂಬಿಕೆ.

ಮೊದಲು ಲೆಕ್ಕವನ್ನೇ ನೋಡೋಣ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330 ಕ್ಯಾಲೊರಿ ಶಕ್ತಿ ಇರುತ್ತದೆ. ಗೋಧಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿಯಲ್ಲಿ ಸುಮಾರು 350. ಸಜ್ಜೆ, ನವಣೆಗಳೂ ಇದೇ ನೆರೆಹೊರೆಯಲ್ಲಿವೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಮ್ಮ ನವಣೆ, ಸಜ್ಜೆಗಳಿಗೆ ನಗರಗಳಲ್ಲಿ ಬೆಲೆ ಬಂದದ್ದು ಸಂತೋಷವೇ. ಆದರೆ ನವಣೆ ಅನ್ನವನ್ನು ಎರಡು ಪಟ್ಟು ಉಂಡರೆ ದೇಹಕ್ಕೆ ಸೇರುವ ಶಕ್ತಿಯೂ ಎರಡು ಪಟ್ಟೇ. ಜೋಳದ ಹೆಚ್ಚುಗಾರಿಕೆ ಇರುವುದು ಬೇರೆಡೆ. ಬಿಳಿ ಅಕ್ಕಿಯಲ್ಲಿರುವುದಕ್ಕಿಂತ ಅದರಲ್ಲಿ ನಾರು ಮೂರು ಪಟ್ಟಿಗೂ ಮಿಗಿಲು, ಸಸಾರಜನಕವೂ ತುಸು ಹೆಚ್ಚು. ರೊಟ್ಟಿಯನ್ನು ಅಗಿದು ತಿನ್ನಬೇಕು, ಅನ್ನದಂತೆ ನುಂಗಿ ಮುಗಿಸಲಾಗದು. ಆದ್ದರಿಂದ ಹೊಟ್ಟೆ ತುಂಬಿದ ಅರಿವು ಬೇಗ ಬರುತ್ತದೆ, ಹಸಿವೆ ತಡವಾಗಿ ಮರಳುತ್ತದೆ. ರೊಟ್ಟಿಯಿಂದ ನಮಗಾಗುವ ಸಹಾಯ ಇಷ್ಟು. ಇದಕ್ಕಿಂತ ಹೆಚ್ಚಿನ ಪವಾಡವನ್ನು ಅದರಿಂದ ಬೇಡಬಾರದು.

ಹಾಗಾದರೆ ಅಜ್ಜಿಯರು ರೊಟ್ಟಿ ತಿಂದೂ ತೆಳ್ಳಗೆ ಹೇಗಿದ್ದರು? ನಮ್ಮ ಕಡೆಯ ಅಗಲವಾದ ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು ಬೇಕು, ಅಂದರೆ 200 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 55 ಕಿಲೋ ತೂಕದ ಹೆಣ್ಣುಮಗಳು ಕುಳಿತು ಮಾಡುವ ಕೆಲಸದಲ್ಲಿದ್ದರೆ ಆಕೆಗೆ ದಿನಕ್ಕೆ 1660 ಕ್ಯಾಲೊರಿ ಸಾಕು. ಕಠಿಣ ದೈಹಿಕ ದುಡಿಮೆಯಲ್ಲಿದ್ದರೆ 2720 ಬೇಕು. 65 ಕಿಲೋ ತೂಕದ ಗಂಡಸಿಗೆ ಇವೇ ಅಂಕಿಗಳು 2110 ಮತ್ತು 3470. ಈಗ ಕಳೆದು ನೋಡಿರಿ. ಹೆಂಗಸಿನ ಲೆಕ್ಕದಲ್ಲಿ ಅಂತರ 1060, ಅಂದರೆ ಐದು ರೊಟ್ಟಿ. ಗಂಡಸಿನ ಲೆಕ್ಕದಲ್ಲಿ 1360, ಅಂದರೆ ಹೆಚ್ಚುಕಡಿಮೆ ಏಳು ರೊಟ್ಟಿ. ಅಜ್ಜಿ ಬೀಸುವ ಕಲ್ಲಿನಲ್ಲಿ ಜೋಳ ಬೀಸಿ, ಬಾವಿಯಿಂದ ನೀರು ಸೇದಿ ಹೊತ್ತು, ಎರೆಹೊಲಕ್ಕೆ ನಡೆದು ಹೋಗಿ ಕಳೆ ತೆಗೆದು, ಸುಗ್ಗಿಯಲ್ಲಿ ಜೋಳ ಕಿತ್ತು, ಮರಳಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಆ ಐದು ರೊಟ್ಟಿಯನ್ನು ಆಕೆಯ ತೋಳು, ಸೊಂಟ, ಕಾಲುಗಳೇ ಉಂಡು ಮುಗಿಸುತ್ತಿದ್ದವು.

1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ನರಗುಂದದ ಕಡೆಗೆ ಹರಿಯಿತು. ಬೆಳೆ ಬದಲಾಯಿತು, ಅನಂತರ ಟ್ರ್ಯಾಕ್ಟರು ಬಂತು, ಹಿಟ್ಟಿನ ಗಿರಣಿ ಬಂತು, ಮನೆಗೆ ನಳ ಬಂತು, ಮಿಕ್ಸರು ಬಂತು, ಹೊಲಕ್ಕೆ ಹೋಗಲು ಮೋಟರ್‌ಸೈಕಲ್ಲು ಬಂತು. ಇವೆಲ್ಲ ಬಂದದ್ದು ಒಳ್ಳೆಯದೇ. ಬೀಸುವ ಕಲ್ಲಿನ ಮುಂದೆ ತಾಯಂದಿರ ಭುಜ ಸವೆದುದನ್ನು ಕಂಡವರು ಯಾರೂ ಆ ಕಾಲ ಮರಳಲಿ ಎಂದು ಹಾರೈಸುವುದಿಲ್ಲ, ನಾನೂ ಹಾರೈಸುವುದಿಲ್ಲ. ಆದರೆ ದುಡಿಮೆ ತಗ್ಗಿದಾಗ ತಾಟಿನ ಅಳತೆ ತಗ್ಗಲಿಲ್ಲ. ತಗ್ಗುವುದಿರಲಿ, ರೊಟ್ಟಿಯ ಮೇಲೆ ಪಡಿತರದ ಅನ್ನ ಬಂತು, ಅನ್ನದ ಮೇಲೆ ಹಪ್ಪಳ ಬಂತು, ಸಂಜೆಗೆ ಮಿರ್ಚಿ ಭಜಿ ಬಂತು. ನಮ್ಮ ತಲೆಮಾರಿನ ಬೊಜ್ಜಿನ ಚರಿತ್ರೆಯೆಲ್ಲ ಇಷ್ಟರಲ್ಲಿ ಅಡಗಿದೆ.

ಇನ್ನು ಒಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಈ ಬರಹಕ್ಕೆ ಕಾರಣ ಅದೇ. ಗಜೇಂದ್ರಗಡದ ಕಡೆ ಮದುವೆಯಾಗಿ ಹೋದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ (ಹೆಸರು ಬೇಡ) ಕಳೆದ ವರ್ಷ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀಯೆಂದು ವೈದ್ಯರು ಹೇಳಿದರು. ಎಂಟು ಕಿಲೋ ಇಳಿಸಬೇಕೆಂದರು. ಅದೇ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದೂ ತಿಳಿಯಿತು. ಮನೆಯಲ್ಲಿ ಎಂಟು ಜನ. ಎಲ್ಲರಿಗೂ ಬಡಿಸಿದ ಮೇಲೆ ಆಕೆ ಉಣ್ಣುವುದು ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತೂವರೆಗೆ. ಪಲ್ಲೆ ಅಷ್ಟರಲ್ಲಿ ಮುಗಿದಿರುತ್ತದೆ. ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೇ ಶೇಂಗಾ ಹಿಂಡಿ, ಎಣ್ಣೆ ಕಲಸಿಕೊಂಡು ಉಣ್ಣುತ್ತಾಳೆ. ನಡುನಡುವೆ ಹಸಿವೆಗೆ ಚಹಾ, ದಿನಕ್ಕೆ ಐದಾರು ಸಲ. ಸೋಮವಾರ ಉಪವಾಸ, ಅಂದು ಶೇಂಗಾ ಪುಡಿ, ಬಟಾಟಿ ಹಾಕಿದ ಸಾಬುದಾಣಿ ಖಿಚಡಿ. "ನಾನು ತಿನ್ನೋದೇ ಇಲ್ರಿ ಟೀಚರ್, ಆದರೂ ಯಾಕ ದಪ್ಪ ಆಗಾಕತ್ತೀನೋ ಗೊತ್ತಿಲ್ಲ" ಎಂದಳು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ತಾಟಿಟ್ಟುಕೊಂಡು ನೆಮ್ಮದಿಯಾಗಿ ಕುಳಿತು ಉಂಡ ಊಟ ಆಕೆಯ ದಿನಚರಿಯಲ್ಲಿ ಒಂದೂ ಇರಲಿಲ್ಲ. ಉಳಿದುದನ್ನು ಖಾಲಿ ಮಾಡುವುದನ್ನು ಆಕೆ ಊಟವೆಂದು ಎಣಿಸಿರಲೇ ಇಲ್ಲ.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 24 ಜನರ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಅದೇ ವಯಸ್ಸಿನವರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಮೈ ತುಂಬಿದೆ, ರಕ್ತ ತುಂಬಿಲ್ಲ. ಇಂಥವರಿಗೆ "ಊಟ ಬಿಡು" ಎನ್ನುವ ಉಪದೇಶ ಅಪಾಯಕಾರಿ. ಅವರು ಬಿಡಬೇಕಾದುದು ಊಟವನ್ನಲ್ಲ. ಹೆಚ್ಚಿನ ಎಣ್ಣೆ, ಸಕ್ಕರೆ ಮತ್ತು ಉಳಿದ ಅನ್ನವನ್ನು. ಹಿಡಿಯಬೇಕಾದುದು ಕಾಳು, ಸೊಪ್ಪು, ಮಜ್ಜಿಗೆಗಳನ್ನು.

ಈಗ ನೀವು ಕೇಳಿದ "ಲಗೂನ ಆಗೂವಂಥ" ಊಟಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಅವಸರದ ಊಟ ಎಂದೋ ಸಿದ್ಧವಾಗಿದೆ. ಅದರ ಹೆಸರು ಖಡಕ್ ರೊಟ್ಟಿ. ಬೇಯಿಸಿ, ಒಣಗಿಸಿ ಇಟ್ಟರೆ ವಾರಗಟ್ಟಲೆ ಕೆಡದ, ಎಣ್ಣೆಯ ಹನಿಯೂ ಬೇಡದ, ಬಿಸಿ ಮಾಡುವ ಗೋಜೂ ಇಲ್ಲದ ಈ ರೊಟ್ಟಿಗೆ ಸಾಟಿಯಾದುದನ್ನು ಯಾವ ಬಿಸ್ಕತ್ತಿನ ಕಾರ್ಖಾನೆಯೂ ಕೊಡಲಾರದು. ಬಡಿಯಲು ಪುರಸೊತ್ತಿಲ್ಲದವರು ಹೆಣ್ಣುಮಕ್ಕಳು ಮಾಡಿ ಮಾರುವ ರೊಟ್ಟಿಯನ್ನು ಕೊಳ್ಳಲಿ. ಅದರಲ್ಲಿ ನಾಚಿಕೆಯೇನಿಲ್ಲ, ಇನ್ನೊಂದು ಮನೆಯ ಒಲೆಯೂ ಉರಿಯುತ್ತದೆ.

ಮುಂಜಾನೆಗೆ ಒಂದು ಖಡಕ್ ರೊಟ್ಟಿ ಮುರಿದು ಬಟ್ಟಲು ಮೊಸರಿಗೆ ಹಾಕಿ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ, ಒಂದು ಚಮಚ ಅಗಸಿ ಹಿಂಡಿ ಹಾಕಿರಿ. ಐದು ನಿಮಿಷದ ಕೆಲಸ. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಕೊಬ್ಬಿದೆ. ಆದರೂ ಕೊಬ್ಬು ಕೊಬ್ಬೇ, ಚಮಚ ಒಂದೇ ಇರಲಿ. ಶೇಂಗಾ ಹಿಂಡಿಯ ವಿಷಯದಲ್ಲಂತೂ ಕೈ ಬಿಗಿ ಹಿಡಿಯಬೇಕು: ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇದೆ.

ಮತ್ತೊಂದು ಮುಂಜಾನೆಗೆ ಮೊಳಕೆ ಬಂದ ಹೆಸರು ಅಥವಾ ಮಡಕಿ ಕಾಳು. ಹೆಸರಿನಲ್ಲಿ ನೂರು ಗ್ರಾಂ ಒಣ ಕಾಳಿಗೆ 22ರಿಂದ 24 ಗ್ರಾಂ ಸಸಾರಜನಕವಿದೆ. ರವಿವಾರ ಮತ್ತು ಬುಧವಾರ ರಾತ್ರಿ ನೆನೆಯಿಟ್ಟು, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರವಿಡೀ ಸಾಲುತ್ತದೆ. ಮೊಳಕೆ ಬಂದ ಮೇಲೆ ತಂಪು ಪೆಟ್ಟಿಗೆಯಲ್ಲಿಡಬೇಕು. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಿಸಿ, ಕಾಳು ಹಾಕಿ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿದರೆ ಹತ್ತು ನಿಮಿಷದಲ್ಲಿ ಉಸುಳಿ. ಮೇಲೆ ನಿಂಬೆಹುಳಿ ಹಿಂಡುವುದನ್ನು ಮರೆಯಬೇಡಿರಿ. ಕಾಳಿನ, ಸೊಪ್ಪಿನ ಕಬ್ಬಿಣದಂಶ ರಕ್ತಕ್ಕೆ ಸೇರಲು ಆ ಹುಳಿಯಲ್ಲಿರುವ ಸಿ ಜೀವಸತ್ವ ನೆರವಾಗುತ್ತದೆ. ಅದೇ ಕಾರಣಕ್ಕೆ ಊಟದ ಹಿಂದೆಯೇ ಚಹಾ ಕುಡಿಯಬಾರದು. ಅದು ಕಬ್ಬಿಣವನ್ನು ತಡೆಯುತ್ತದೆ.

ಮಧ್ಯಾಹ್ನಕ್ಕೆ ಒಂದೂವರೆ ಅಥವಾ ಎರಡು ರೊಟ್ಟಿ, ಅದಕ್ಕೆ ಮೂರು ರೊಟ್ಟಿಗೆ ಸಾಲುವಷ್ಟು ಪಲ್ಲೆ. ನಮ್ಮಲ್ಲಿ ನಡೆಯುವುದು ಇದರ ವಿರುದ್ಧ: ಮೂರು ರೊಟ್ಟಿಗೆ ಎರಡು ಬೆರಳು ಪಲ್ಲೆ. ಮೆಂತ್ಯೆ, ರಾಜಗಿರಿ, ಪಾಲಕ, ಪುಂಡಿ, ಯಾವ ಸೊಪ್ಪಾದರೂ ಆದೀತು. ಹಿಡಿ ತೊಗರಿ ಬೇಳೆ ಅಥವಾ ಹೆಸರು ಬೇಳೆಯೊಂದಿಗೆ ಕುಕ್ಕರಿನಲ್ಲಿ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಸೊಪ್ಪು ಸೋಸಲು ಸಮಯವಿಲ್ಲದ ದಿನ ಝುಣಕ ಮಾಡಿರಿ. ಕಡಲೆ ಹಿಟ್ಟು ನಮ್ಮ ಎರೆಭೂಮಿಯದೇ ಕಡಲೆಯ ಕೂಸು. ನಾಲ್ಕು ಜನರ ಝುಣಕಕ್ಕೆ ನಾಲ್ಕು ಚಹಾ ಚಮಚ ಎಣ್ಣೆ ಸಾಕು, ಎಣ್ಣೆ ತೇಲಬೇಕಾಗಿಲ್ಲ. ಬದನೆಕಾಯಿ ಎಣ್ಣೆಗಾಯಿ ಹಬ್ಬಕ್ಕಿರಲಿ. ದಿನದ ಊಟಕ್ಕೆ ಸುಟ್ಟ ಬದನೆಕಾಯಿಯ ಭರ್ತ ಅಷ್ಟೇ ರುಚಿ.

ಜೊತೆಗೆ ಹಸಿ ತೊಪ್ಪಲು. ಹಕ್ಕರಕಿ, ಎಳೆ ಮೆಂತ್ಯೆ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಗಳನ್ನು ರೊಟ್ಟಿಯೊಡನೆ ಕಚ್ಚಿ ತಿನ್ನುವ ಪದ್ಧತಿ ನಮ್ಮ ಹೊಲದ ಊಟದಲ್ಲಿ ಮೊದಲಿನಿಂದಲೂ ಇದೆ. ದೊಡ್ಡ ಹೋಟೆಲುಗಳಲ್ಲಿ ಸಲಾಡ್ ಎಂದು ನೂರಾರು ರೂಪಾಯಿ ತೆಗೆದುಕೊಳ್ಳುವುದನ್ನು ನಮ್ಮ ಸಂತೆಯಲ್ಲಿ ಸಿವುಡುಗಟ್ಟಲೆ ಮಾರುತ್ತಾರೆ. ಚೆನ್ನಾಗಿ ತೊಳೆಯಿರಿ, ಅಷ್ಟೇ.

ರಾತ್ರಿಗೆ ಜೋಳದ ನುಚ್ಚು ಮತ್ತು ಮಜ್ಜಿಗೆ. ನುಚ್ಚು ಕುಕ್ಕರಿನಲ್ಲಿ ತಾನೇ ಬೇಯುತ್ತದೆ, ಯಾರೂ ಮುಂದೆ ನಿಲ್ಲಬೇಕಾಗಿಲ್ಲ. ಜೊತೆಗೆ ಒಂದು ಬಟ್ಟಲು ಬೇಳೆ ಅಥವಾ ಕಾಳಿನ ಪಲ್ಲೆ ಇರಲಿ. ತತ್ತಿ ತಿನ್ನುವವರು ಉಳ್ಳಾಗಡ್ಡಿ, ಟೊಮೆಟೊ ಹಾಕಿ ಎರಡು ತತ್ತಿಯ ಪಲ್ಲೆ ಮಾಡಿಕೊಂಡರೆ ಒಂದು ರೊಟ್ಟಿಗೆ ಭರ್ಜರಿ ಊಟ. ಎಂಟು ಗಂಟೆಯೊಳಗೆ ಉಂಡು ಮುಗಿಸುವುದು ಉತ್ತಮ.

ಸಂಜೆಯ ಗಿರಮಿಟ್ಟಿನ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಚುರಮರಿ, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ, ಟೊಮೆಟೊ ಹಾಕಿ ಕಡಿಮೆ ಎಣ್ಣೆಯಲ್ಲಿ ಕಲಸಿದ ಒಂದು ತಾಟು ಗಿರಮಿಟ್ ಅಂಥ ಅಪರಾಧಿಯಲ್ಲ. ಅದರ ಸಹವಾಸದಲ್ಲಿ ಬರುವ ನಾಲ್ಕು ಮಿರ್ಚಿಗಳೇ ಅಪರಾಧಿಗಳು. ಚಹಾದ ಲೆಕ್ಕವನ್ನೂ ಮಾಡಿರಿ: ಒಂದು ಕಪ್ಪಿಗೆ ಎರಡು ಚಮಚದಂತೆ ಐದು ಕಪ್ಪಿಗೆ ಸುಮಾರು 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿ. ಒಂದು ಪೂರ್ಣ ರೊಟ್ಟಿಯನ್ನು ಹಸಿವೆ ತಣಿಯದಂತೆ ಕುಡಿದು ಮುಗಿಸಿದ ಹಾಗೆ!

ಎಣ್ಣೆಗೆ ನಾನು ಪಾಲಿಸುವ ನಿಯಮ ಸರಳ. ಒಬ್ಬರಿಗೆ ದಿನಕ್ಕೆ ಮೂರು ಚಹಾ ಚಮಚ, ಅಂದರೆ 15 ಮಿಲಿ. ತಿಂಗಳಿಗೆ ಅರ್ಧ ಲೀಟರಿನೊಳಗೆ. ಐದು ಜನರ ಮನೆಗೆ ತಿಂಗಳ ಆರಂಭದಲ್ಲಿ ಎರಡೂವರೆ ಲೀಟರು ತೆಗೆದಿಟ್ಟು, ಅದು ತಿಂಗಳಾಂತ್ಯಕ್ಕೆ ಮುಟ್ಟುವಂತೆ ನೋಡಿಕೊಳ್ಳಿರಿ.

ಇಷ್ಟು ಬರೆದ ಮೇಲೆ ನನ್ನ ಮುಖ್ಯ ಮಾತು ಉಳಿದಿದೆ. ಊಟದ ಪಟ್ಟಿಯಿಂದ ಮಾತ್ರ ತೂಕ ಇಳಿಯುವುದಿಲ್ಲ. ಮನೆಯ ಪಂಕ್ತಿಯ ಕ್ರಮ ಬದಲಾಗಬೇಕು. ಅಡಿಗೆ ಮಾಡುವವಳಿಗೆ ತನ್ನದೊಂದು ಬೇರೆ "ಪಥ್ಯದ ಅಡಿಗೆ" ಮಾಡಿಕೋ ಎಂದರೆ ಆಕೆ ಮೂರು ದಿನ ಮಾಡಿಯಾಳು, ನಾಲ್ಕನೆಯ ದಿನ ಉಳಿದ ಅನ್ನಕ್ಕೆ ಮರಳುತ್ತಾಳೆ. ಮೇಲೆ ಹೇಳಿದುದೆಲ್ಲ ರೋಗಿಯ ಊಟವಲ್ಲ, ಮನೆಮಂದಿಯೆಲ್ಲರ ಊಟ. ಮಾವನ ರಕ್ತದೊತ್ತಡಕ್ಕೂ ಗಂಡನ ಹೊಟ್ಟೆಗೂ ಅದೇ ಒಳ್ಳೆಯದು. ಆದ್ದರಿಂದ ಎಲ್ಲರೂ ಒಂದೇ ಅಡಿಗೆ ಉಣ್ಣಲಿ. ಮಾಡಿದವಳೂ ಎಲ್ಲರೊಡನೆ ತಾಟು ಹಾಕಿಕೊಂಡು ಕುಳಿತುಕೊಳ್ಳಲಿ. ಬೇಕಾದವರು ತಾವೇ ಬಡಿಸಿಕೊಳ್ಳಲಿ. ನನ್ನ ಬಳಿ ಕಲಿತ ಗಂಡುಹುಡುಗರಿಗೆ ಒಂದು ಮಾತು: ಪ್ರಯೋಗಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲಗಳನ್ನು ಹನಿ ತಪ್ಪದೆ ಅಳೆದವರಿಗೆ ಕಾಳು ನೆನೆಯಿಡಲು, ನುಚ್ಚಿಗೆ ನೀರಿಡಲು ಬಾರದೇ? ವಾರಕ್ಕೆ ಮೂರು ರಾತ್ರಿಯ ಅಡಿಗೆ ನಿಮ್ಮದಾಗಲಿ. ನಿಮ್ಮ ಹೆಂಡತಿಗೆ ಆ ಮುಕ್ಕಾಲು ಗಂಟೆ ನಡೆದು ಬರಲು ಸಿಗುತ್ತದೆ. ಆಕೆಗೆ ಯಾವ ಗುಳಿಗೆಗಿಂತಲೂ ಅದು ದೊಡ್ಡ ಔಷಧ.

ನಮ್ಮ ಸೀಮೆಯ ಆದರಾತಿಥ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ "ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ, ನಮ್ಮ ಮನಿ ಊಟ ಸೇರಲಿಲ್ಲೇನು?" ಎಂಬ ಒತ್ತಾಯವನ್ನು ನಾವು ಕೈಬಿಡುವ ಕಾಲ ಬಂದಿದೆ. ಬೇಡವೆಂದವರ ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿಯುವುದು ಪ್ರೀತಿಯಲ್ಲ. ಹಾಗೆಯೇ ಬಂಧುಗಳಲ್ಲಿ ಒಂದು ವಿನಂತಿ: ಮದುವೆ, ಜಾತ್ರೆಗಳಲ್ಲಿ ಹೆಣ್ಣುಮಕ್ಕಳನ್ನು ಕಂಡೊಡನೆ "ಎಷ್ಟು ದಪ್ಪ ಆಗೀಯವಾ" ಎನ್ನಬೇಡಿರಿ. ಹದಿನಾರರ ಹುಡುಗಿಯೊಬ್ಬಳು ಅಂಥ ಮಾತಿಗೆ ನೊಂದು ತಿಂಡಿ ಬಿಟ್ಟು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು ತೂಕ ಇಳಿಸುವ ಗೋಜಿಗೆ ಹೋಗಲೇಬಾರದು. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಕ್ಕೆ ಕುತ್ತು ಬಂದೀತು.

ದಿನವೂ ತೂಕದ ಯಂತ್ರವನ್ನು ಹತ್ತಿ ಇಳಿದು ಕೊರಗಬೇಡಿರಿ. ದರ್ಜಿಯ ಟೇಪು ತೆಗೆದುಕೊಂಡು ತಿಂಗಳಿಗೊಮ್ಮೆ ಹೊಟ್ಟೆಯ ಸುತ್ತಳತೆ ನೋಡಿರಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರಿನೊಳಗೆ ಇದ್ದರೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ವಾರಕ್ಕೆ ಅರ್ಧ ಕಿಲೋ ಇಳಿದರೂ ಅದು ಉತ್ತಮ ದರ್ಜೆಯ ತೇರ್ಗಡೆ. ತಿಂಗಳಿಗೆ ಹತ್ತು ಕಿಲೋ ಇಳಿಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿರಿ.

ಆ ನನ್ನ ವಿದ್ಯಾರ್ಥಿನಿಯ ಸುದ್ದಿ ಕೇಳುವಿರಾದರೆ, ಆಕೆಯ ತೂಕ ಏಳು ತಿಂಗಳಲ್ಲಿ ಐದು ಕಿಲೋ ಇಳಿದಿದೆ. ಇನ್ನೂ ಮೂರು ಉಳಿದಿದೆ. ಅದಕ್ಕಿಂತ ನನಗೆ ಸಂತೋಷ ತಂದ ಸುದ್ದಿ ಬೇರೆ: ಆಕೆಯ ಅತ್ತೆಯೇ ಈಗ ಮಧ್ಯಾಹ್ನ ಒಂದೂವರೆಗೆ "ನೀನೂ ಕುಂಡ್ರವಾ, ಆಮ್ಯಾಲ ಯಾರರ ಹಾಕ್ಕೋತಾರ" ಎಂದು ಸೊಸೆಯ ತಾಟನ್ನು ತನ್ನ ಪಕ್ಕದಲ್ಲಿ ಇಡುತ್ತಾರಂತೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಊಟ ಬಲ್ಲ ಮನೆಗೆ ರೋಗವಿಲ್ಲ ಎಂದು ಅದನ್ನು ತುಸು ತಿದ್ದಿ ಮಕ್ಕಳಿಗೆ ಕಲಿಸೋಣ.

ಎಲ್ಲರೂ ಹೊತ್ತಿಗೆ ಸರಿಯಾಗಿ, ಕುಳಿತು, ಹಿತವಾಗಿ ಉಣ್ಣಿರಿ. ಆರೋಗ್ಯವಾಗಿರಿ.

ನಿಮ್ಮ ಟೀಚರ್